ನೋಡೋಕೆ ಬಂತು, ಮುಟ್ಟೋಕೆ ಬರಲಿಲ್ಲ: ಎಸ್‌ಎನ್‌ಎಂಪಿ ಕಥೆ

ಹೋದ ಭಾನುವಾರ ಹಾಕಿದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಕೆಲವು ವಿಷಯ ಸೇರಿಸಿದ್ದೀನಿ, ಬೋರ್ಡ್ ಮೇಲೆ ಗೀಚಿದ್ದನ್ನ ಮಾತಲ್ಲೇ ಬಿಡಿಸಿ ಹೇಳಿದ್ದೀನಿ. ಲೋಕಲ್ ಟ್ರೇನಿನಲ್ಲಿ ಒಂದು ಕೈಲಿ ಹಿಡಿ ಹಿಡ್ಕೊಂಡು ಓದೋರಿಗೆ ವಿಡಿಯೋಗಿಂತ ಇದೇ ವಾಸಿ ಅಂತ ಮುಂಬೈ ಗೆಳೆಯರು ಹೇಳ್ತಿರ್ತಾರೆ.

2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ದಾಟಿ ಹತ್ತು ನಿಮಿಷ ಆಗಿರಬೇಕು, ವಾಟ್ಸಾಪ್ ನಿಂತುಹೋಯಿತು. ನಿಮಗೂ ನೆನಪಿರುತ್ತೆ. ಧಾರವಾಡದಿಂದ ಅವ್ವ ಫೋನ್ ಮಾಡಿ, "ಯಾಕಪಾ, ನನ್ನ ಮೆಸೇಜ್ ಹೋಗವಲ್ದು, ನಿನ್ನ ಫೋನ್ ಕೆಟ್ಟೇತೇನು?" ಅಂದಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಜಗತ್ತಿನಾದ್ಯಂತ ಆರು ಗಂಟೆಗೂ ಹೆಚ್ಚು ಹೊತ್ತು ಇರಲಿಲ್ಲ. ಆಮೇಲೆ ಆ ಕಂಪನಿಯೇ ಬರೆದುಕೊಂಡ ಕಾರಣ ಇಷ್ಟು: ತಮ್ಮ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬ್ಯಾಕ್‌ಬೋನ್ ನೆಟ್‌ವರ್ಕಿನಲ್ಲಿ ಎಷ್ಟು ಸಾಮರ್ಥ್ಯ ಉಳಿದಿದೆ ಅಂತ ನೋಡೋದಕ್ಕೆ ಒಂದು ಕಮಾಂಡ್ ಕೊಟ್ಟರು. ಅದು ಬ್ಯಾಕ್‌ಬೋನಿನ ಎಲ್ಲ ಕೊಂಡಿಗಳನ್ನೂ ಕಳಚಿಹಾಕಿತು. ಇಂಥ ತಪ್ಪು ಕಮಾಂಡ್ ತಡೆಯೋಕೆ ಅಂತಲೇ ಒಂದು ಆಡಿಟ್ ಟೂಲ್ ಇತ್ತು, ಅದರಲ್ಲೇ ಬಗ್ ಇತ್ತು.

ಎಷ್ಟಿದೆ ಅಂತ ನೋಡೋಕೆ ಹೋದ ಕೈ ಮುಟ್ಟಿಬಿಟ್ಟಿತು.

ಆ ಸುದ್ದಿ ಓದಿದಾಗ ನನಗೆ ನಗು ಬರಲಿಲ್ಲ, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯ್ತು. ಯಾಕೆ ಅಂದ್ರೆ ಅದೇ ಕೆಲಸ, ಬಹಳ ಸಣ್ಣ ಅಳತೆಯಲ್ಲಿ, ನಾನೂ ಮಾಡಿದ್ದೆ.

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸದು. ಹೆಸರು ಬೇಡ, ಒಂದು ಕಂಪನಿ. ಸಾಫ್ಟ್‌ವೇರ್ ಬರೆಯೋ ಕೆಲಸಕ್ಕೆ ಸೇರಿದ್ದೆ, ಆದರೆ ಹೊಸಬರು ಮೂರು ತಿಂಗಳು ನೆಟ್‌ವರ್ಕ್ ಟೀಮಿನಲ್ಲಿ ಇರಬೇಕು ಅಂತ ನಿಯಮ. ಎರಡು ಬಿಲ್ಡಿಂಗ್ ಇದ್ದವು, ರಸ್ತೆಯ ಈ ಕಡೆ ಒಂದು, ಆ ಕಡೆ ಒಂದು. ಆ ಕಡೆಯದರಲ್ಲಿ ರಾತ್ರಿ ಪಾಳಿಯ ಕಾಲ್ ಸೆಂಟರ್. ಎರಡರ ನಡುವೆ ಒಂದು ಟ್ರಂಕ್ ಲಿಂಕ್, ಅಂದರೆ ಒಂದೇ ತಂತಿಯ ಮೇಲೆ ಬೇರೆ ಬೇರೆ ವಿಎಲ್ಯಾನ್‌ಗಳು, ಅಂದ್ರೆ ಒಂದಕ್ಕೊಂದು ಸಂಬಂಧ ಇಲ್ಲದ ಹಲವು ನೆಟ್‌ವರ್ಕ್‌ಗಳು, ಒಟ್ಟಿಗೆ ಓಡಾಡುವ ದಾರಿ. ಹೊಸದಾಗಿ ಒಂದು ವಿಎಲ್ಯಾನ್ ಸೇರಿಸಬೇಕಿತ್ತು, ನಂಬರ್ 340. ಸ್ವಿಚ್ಚಿಗೆ ಲಾಗಿನ್ ಆಗಿ "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಯಾನ್ 340" ಅಂತ ಹೊಡೆದು ಎಂಟರ್ ಒತ್ತಿದೆ.

ನೆಟ್‌ವರ್ಕ್ ಕೆಲಸ ಮಾಡೋರು ಇಲ್ಲೇ ತಲೆ ಮೇಲೆ ಕೈ ಇಟ್ಕೊಂಡಿರ್ತಾರೆ. ಮಿಕ್ಕವರಿಗೆ ಹೇಳ್ತೀನಿ: ನಡುವೆ "ಆ್ಯಡ್" ಅನ್ನೋ ಮೂರಕ್ಷರದ ಇಂಗ್ಲಿಷ್ ಪದ ಇರಬೇಕಿತ್ತು. ಅದು ಇದ್ದರೆ "ಇದನ್ನೂ ಸೇರಿಸು" ಅಂತ ಅರ್ಥ. ಅದು ಇಲ್ಲದಿದ್ದರೆ "ಇದೊಂದನ್ನೇ ಬಿಡು, ಉಳಿದದ್ದೆಲ್ಲ ತೆಗಿ" ಅಂತ ಅರ್ಥ. ಸ್ವಿಚ್ಚು ಕೇಳಲಿಲ್ಲ, ನಿಜವಾಗ್ಲೂ ಬೇಕಾ ಅಂತ. ಹೇಳಿದ್ದು ಮಾಡಿತು. ಕಾಲ್ ಸೆಂಟರ್ ಹೋಯ್ತು, ಫೋನ್ ಹೋದವು, ಜೊತೆಗೆ ಆ ಕಡೆಯ ಸ್ವಿಚ್ಚಿಗೆ ನಾವು ಲಾಗಿನ್ ಆಗುವ ದಾರಿಯೂ ಹೋಯ್ತು, ಅದೂ ಅದೇ ಟ್ರಂಕಿನ ಮೇಲೇ ಇತ್ತಲ್ಲ. ತಪ್ಪು ಮಾಡಿದ ಸ್ವಿಚ್ಚು ದೂರದ ಬಿಲ್ಡಿಂಗಿನದ್ದು, ನಾನು ಹತ್ತಿದ ಕೊಂಬೆಯನ್ನೇ ಕಡಿದಿದ್ದೆ.

ಕೆಲವೇ ನಿಮಿಷದಲ್ಲಿ ಗೋಡೆ ಮೇಲಿನ ಟಿವಿಯಲ್ಲಿ ಮಾನಿಟರಿಂಗ್ ಸಾಫ್ಟ್‌ವೇರು ಆ ಬಿಲ್ಡಿಂಗಿನ ಎಲ್ಲ ಚೌಕಗಳನ್ನೂ ಕೆಂಪು ಮಾಡಿ ತೋರಿಸಿತು. ಎಷ್ಟು ಚಂದ ತೋರಿಸಿತು ಅಂತೀರಿ. ಯಾವ ಪೋರ್ಟು, ಎಷ್ಟು ಗಂಟೆಗೆ, ಎಷ್ಟು ಡಿವೈಸ್, ಎಲ್ಲ. ಆದರೆ ಅದರಿಂದ ಸರಿ ಮಾಡೋಕೆ ಮಾತ್ರ ಏನೂ ಆಗ್ತಿರಲಿಲ್ಲ. ನಾಂದೇಡ ಕಡೆಯ ಒಬ್ಬ ಸೀನಿಯರ್ ನನ್ನ ಸ್ಕ್ರೀನ್ ಮೇಲೆ ಬಗ್ಗಿ ನೋಡಿ, ಸಿಟ್ಟಿಲ್ಲದೆ, "ಅರೇ, ಆ್ಯಡ್ ಕುಠೇ ಆಹೇ?" ಅಂತ ಕೇಳಿದರು. ಆ್ಯಡ್ ಎಲ್ಲಿದೆ? ಕನ್ಸೋಲ್ ಕೇಬಲ್ ತಗೊಂಡು ರಸ್ತೆ ದಾಟಿ ಓಡಿದೆವು. ಸರ್ವರ್ ರೂಮಿನ ಕೀಲಿ ಸೆಕ್ಯುರಿಟಿಯವರ ಹತ್ತಿರ, ಸೆಕ್ಯುರಿಟಿಯವರು ಊಟಕ್ಕೆ. ಒಟ್ಟು ಐವತ್ತು ನಿಮಿಷ ಹೋಯ್ತು. ಅಲ್ಲಿ ಫೋನ್ ಎತ್ತುತ್ತಿದ್ದ ಹುಡುಗ ಹುಡುಗಿಯರಿಗೆ ಕಾಲ್ ಲೆಕ್ಕದ ಮೇಲೆ ಇನ್ಸೆಂಟಿವ್. ಅವತ್ತಿನ ರಾತ್ರಿಯ ಗುರಿ ಮುಟ್ಟಲಿಲ್ಲ, ಇನ್ಸೆಂಟಿವ್ ಸಿಗಲಿಲ್ಲ. ತಪ್ಪು ನಮ್ಮದು, ಅವರಿಗೆ ಕೊಡಿ ಅಂತ ನಾನು ಮೇಲ್ ಬರೆದೆ. ಉತ್ತರ ಬರಲಿಲ್ಲ.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ನೆಟ್‌ವರ್ಕ್ ಡಿವೈಸ್‌ಗಳನ್ನು *ನೋಡುವ* ಸಾಫ್ಟ್‌ವೇರ್ ಇಷ್ಟು ಚೆನ್ನಾಗಿರುವಾಗ, ಅವುಗಳನ್ನು *ಬದಲಿಸುವ* ಸಾಫ್ಟ್‌ವೇರ್ ಯಾಕೆ ಇಷ್ಟು ಹಿಂದೆ ಬಿತ್ತು? ಆಮೇಲೆ ನಾನು ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಬರೆಯೋ ಕೆಲಸಕ್ಕೇ ಹೋದೆ, ಹಾಗಾಗಿ ಹಳೇ ಕಾಗದಪತ್ರ ಓದುವ ಚಟ ಹತ್ತಿತು. ಉತ್ತರ ಬಹುಪಾಲು ಅಲ್ಲೇ ಇದೆ.

ಇಂಟರ್ನೆಟ್ಟಿನ ಅಜ್ಜ ಆರ್ಪಾನೆಟ್. ಅದರ ಗಂಟುಗಳಲ್ಲಿ ಕೂತಿದ್ದ ಇಂಪ್ ಎಂಬ ಯಂತ್ರಗಳು ಇವತ್ತಿನ ರೂಟರ್‌ಗಳ ಹಾಗೆ. ಅವುಗಳನ್ನು ಕಟ್ಟಿದ ಬಿಬಿಎನ್ ಕಂಪನಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಒಂದು ಕಂಟ್ರೋಲ್ ಸೆಂಟರ್ ಇಟ್ಟಿತ್ತು. ಪ್ರತಿ ಇಂಪ್ ಸುಮಾರು ನಿಮಿಷಕ್ಕೊಮ್ಮೆ ಅಲ್ಲಿಗೆ ತನ್ನ ಕುಶಲ ವರದಿ ಕಳಿಸೋದು. ಯಾವ ಲೈನ್ ಕೆಟ್ಟಿದೆ ಅನ್ನೋದು ಅವರಿಗೆ ಎಷ್ಟು ಬೇಗ ಗೊತ್ತಾಗ್ತಿತ್ತು ಅಂದ್ರೆ, ಅವರು ಟೆಲಿಫೋನ್ ಕಂಪನಿಗೆ ಫೋನ್ ಮಾಡಿ ದೂರದ ಯಾವುದೋ ಎರಡು ಊರಿನ ನಡುವಿನ ನಿಮ್ಮ ಲೈನ್ ಕೆಟ್ಟಿದೆ ಅಂತ ಹೇಳ್ತಿದ್ದರಂತೆ, ಟೆಲಿಫೋನ್‌ನವರಿಗೆ ನಂಬಿಕೆಯೇ ಬರ್ತಿರಲಿಲ್ಲವಂತೆ.

ಆ ಕಾಲದಲ್ಲಿ ನೋಡೋದೂ ಮುಟ್ಟೋದೂ ಒಂದೇ ಕೈಯಲ್ಲಿತ್ತು ಅನ್ನೋದನ್ನ ಗಮನಿಸಿ. ಎಲ್ಲ ಇಂಪ್‌ಗಳನ್ನು ಮಾಡಿದ್ದು ಒಂದೇ ಕಂಪನಿ, ಒಳಗಿನ ಸಾಫ್ಟ್‌ವೇರ್ ಅವರದ್ದೇ, ತಿದ್ದುಪಡಿಯನ್ನೂ ಅಲ್ಲಿಂದಲೇ ಕಳಿಸೋರು.

ಅದರ ಬೆಲೆ ಗೊತ್ತಾಗಿದ್ದು 1980ರ ಅಕ್ಟೋಬರ್ 27ರಂದು. ಅವತ್ತು ಆರ್ಪಾನೆಟ್ ಹಲವು ಗಂಟೆ ಕೆಲಸಕ್ಕೆ ಬಾರದ ಹಾಗೆ ನಿಂತಿತು. ಇದರ ತನಿಖೆಯನ್ನು ಎರಿಕ್ ರೋಸೆನ್ ಬರೆದಿದ್ದಾರೆ, ಆರ್‌ಎಫ್‌ಸಿ 789. ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ಕಟ್ಟಿದವರು ತಮ್ಮೊಳಗೆ ಹಂಚಿಕೊಳ್ಳುವ, ನಂಬರ್ ಹಾಕಿದ ದಾಖಲೆ. ನಾನು ಓದಿದ ತಾಂತ್ರಿಕ ಬರಹಗಳಲ್ಲಿ ಪತ್ತೇದಾರಿ ಕಾದಂಬರಿಗೆ ಸಮೀಪ ಬರೋದು ಇದೊಂದೇ.

ಇಂಪ್‌ಗಳು ದಾರಿಯ ಮಾಹಿತಿಯನ್ನು ಒಂದಕ್ಕೊಂದು ದಾಟಿಸುತ್ತಿದ್ದವು. ಯಾವುದು ಹೊಸ ಮಾಹಿತಿ, ಯಾವುದು ಹಳೆಯದು ಅಂತ ತಿಳಿಯೋಕೆ ಒಂದು ಕ್ರಮಸಂಖ್ಯೆ, ಆರು ಬಿಟ್ ಉದ್ದದ್ದು, 0ಯಿಂದ 63ರ ವರೆಗೆ. 63 ಆದಮೇಲೆ ಮತ್ತೆ 0, ಗಡಿಯಾರದ ಮುಳ್ಳಿನ ಹಾಗೆ. ಹಾಗಾಗಿ ಎರಡು ಸಂಖ್ಯೆಗಳಲ್ಲಿ ಅರ್ಧ ಸುತ್ತಿನೊಳಗೆ ಯಾವುದು ಮುಂದಿದೆಯೋ ಅದು ಹೊಸದು ಅಂತ ನಿಯಮ. ಅವತ್ತು ಒಂದು ಇಂಪಿನ ಹಾರ್ಡ್‌ವೇರ್ ಕೆಟ್ಟು ಬಿಟ್‌ಗಳು ಉದುರುತ್ತಿದ್ದವು. 44 ಅಂದ್ರೆ 101100. ಅದರಲ್ಲಿ ಒಂದು 1 ಉದುರಿದರೆ 101000, ಅಂದ್ರೆ 40. ಅದರಲ್ಲಿ ಇನ್ನೊಂದು ಉದುರಿದರೆ 001000, ಅಂದ್ರೆ 8. ಹೀಗೆ 50ನೇ ನಂಬರಿನ ಇಂಪಿನ ಹೆಸರಲ್ಲಿ ಒಂದೇ ಸಂದೇಶದ ಮೂರು ಪ್ರತಿ, 8, 40, 44. ಗಡಿಯಾರದ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ ಮತ್ತೆ 8 ಹೊಸದು! ಕೈಗೆ ಬಂದದ್ದೆಲ್ಲ ಹೊಸದೇ ಅಂದ್ಕೊಂಡು ಪ್ರತಿ ಇಂಪ್ ಅದನ್ನ ಪಕ್ಕದವರಿಗೆ ದಾಟಿಸಿತು, ಅವರು ಮುಂದಕ್ಕೆ ದಾಟಿಸಿದರು. ನೆಟ್‌ವರ್ಕ್ ತುಂಬ ಇವೇ ಮೂರು ಸಂದೇಶಗಳ ಗಿರಕಿ. ಕೊನೆಗೆ ಕಂಟ್ರೋಲ್ ಸೆಂಟರಿನವರು 50ನೇ ಇಂಪಿನ ಹೆಸರಲ್ಲಿ ಬರೋದನ್ನೆಲ್ಲ ಕಡೆಗಣಿಸು ಅಂತ ಇಂಪ್‌ಗಳಿಗೆ ಪ್ಯಾಚ್ ಹಾಕಿದ ಮೇಲೆ ಉಸಿರು ಬಂತು. ಕೆಟ್ಟದ್ದನ್ನು ಕಂಡವರ ಕೈಯಲ್ಲೇ ಸರಿಮಾಡುವ ಹಿಡಿತವೂ ಇತ್ತು, ಅದಕ್ಕೆ ಇದು ಸಾಧ್ಯವಾಯ್ತು.

ಮುಂದಿನ ಏಳೆಂಟು ವರ್ಷದಲ್ಲಿ ಆ ಹಿಡಿತ ಹೋಯಿತು. ಒಬ್ಬ ತಯಾರಕನ ಜಾಗದಲ್ಲಿ ಪ್ರೋಟಿಯಾನ್, ಸಿಸ್ಕೊ ಅಂತ ಹಲವರು ಬಂದರು. ವಿಶ್ವವಿದ್ಯಾಲಯಗಳು ತಮ್ಮತಮ್ಮ ಪ್ರಾದೇಶಿಕ ನೆಟ್‌ವರ್ಕ್ ಕಟ್ಟಿಕೊಂಡವು. ಕೈಯಲ್ಲಿದ್ದ ಸಾಧನ ಅಂದ್ರೆ 1983ರ ಡಿಸೆಂಬರಿನಲ್ಲಿ ಮೈಕ್ ಮುಸ್ ಬರೆದ ಪಿಂಗ್, ಇದ್ದೀಯಾ ಅಂತ ಕೇಳೋದು, ಇದ್ದೀನಿ ಅಂತ ಉತ್ತರ. ಹೇಗಿದ್ದೀಯಾ ಅಂತ ಕೇಳೋಕೆ ಏನೂ ಇರಲಿಲ್ಲ.

ಅದನ್ನ ಮಾಡಿದ್ದು ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್, ಜೇಮ್ಸ್ ಡೇವಿನ್ ಅನ್ನೋ ನಾಲ್ವರು. ಮೂವರು ವಿಶ್ವವಿದ್ಯಾಲಯದವರು, ಡೇವಿನ್ ಪ್ರೋಟಿಯಾನ್‌ನವರು. 1987ರ ನವೆಂಬರಿನಲ್ಲಿ ಎಸ್‌ಜಿಎಂಪಿ ಅಂತ ಒಂದು ಸಣ್ಣ ಪ್ರೋಟೊಕಾಲ್ ಬರೆದರು, ಗೇಟ್‌ವೇಗಳ ಮೇಲೆ ನಿಗಾ ಇಡೋಕೆ. ಅದೇ ಹೊತ್ತಿಗೆ ಇನ್ನೆರಡು ಸ್ಪರ್ಧಿಗಳಿದ್ದವು. ಒಂದು ಕ್ರೇಗ್ ಪಾರ್ಟ್ರಿಜ್ ಮತ್ತು ಗ್ಲೆನ್ ಟ್ರೆವಿಟ್ ಅವರ ಎಚ್‌ಇಎಂಎಸ್. ಇನ್ನೊಂದು ಅಂತಾರಾಷ್ಟ್ರೀಯ ಮಾನಕ ಸಂಸ್ಥೆಗಳು ಬಹಳ ಗಂಭೀರವಾಗಿ ಬರೆಯುತ್ತಿದ್ದ ಸಿಎಂಐಪಿ. 1988ರ ಏಪ್ರಿಲ್‌ನಲ್ಲಿ ವಿಂಟ್ ಸರ್ಫ್ ಬರೆದ ಆರ್‌ಎಫ್‌ಸಿ 1052ರಲ್ಲಿ ತೀರ್ಮಾನ ಬಂತು: ಸದ್ಯಕ್ಕೆ ಎಸ್‌ಜಿಎಂಪಿಯನ್ನೇ ಸ್ವಲ್ಪ ಬೆಳೆಸಿ ಬಳಸೋಣ, ಮುಂದೆ ಸಿಎಂಐಪಿಗೆ ಹೋಗೋಣ. ಪಾರ್ಟ್ರಿಜ್ ಜಗಳ ಬೇಡ ಅಂತ ತಮ್ಮದನ್ನು ತಾವೇ ಹಿಂದಕ್ಕೆ ತಗೊಂಡರು, ನನಗೆ ಅವರ ಮೇಲೆ ಗೌರವ ಬಂದದ್ದು ಆಗ.

ಆ "ಸದ್ಯಕ್ಕೆ" ಅಂದದ್ದೇ ಎಸ್‌ಎನ್‌ಎಂಪಿ, ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೊಕಾಲ್. 1988ರ ಆಗಸ್ಟಿನಲ್ಲಿ ಬಂತು, 1990ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1157 ಆಗಿ ನೆಲೆ ನಿಂತಿತು. ನಮ್ಮೂರಲ್ಲಿ ತಾತ್ಕಾಲಿಕ ಅಂತ ಹಾಕಿದ ತಗಡಿನ ಶೆಡ್ಡು ಮೂವತ್ತು ವರ್ಷ ನಿಲ್ಲುತ್ತಲ್ಲ, ಹಾಗೆ. ಇವತ್ತೂ ನಿಮ್ಮ ಆಫೀಸಿನ ಪ್ರಿಂಟರಿನೊಳಗೆ ಅದು ಕೂತಿದೆ.

ಅದರ ಹೂರಣ ಇಷ್ಟೇ. ಡಿವೈಸಿನೊಳಗೆ ಇರೋ ಪ್ರತಿ ಸಂಗತಿಗೂ ಒಂದು ವಿಳಾಸ, ಚುಕ್ಕೆಗಳ ನಡುವೆ ಅಂಕಿ ಇಟ್ಟು ಬರೆದದ್ದು. 1.3.6.1.2.1.1.3.0 ಅಂತ ಕೇಳಿದರೆ ಡಿವೈಸ್ ತಾನು ಎಷ್ಟು ಹೊತ್ತಿನಿಂದ ಎದ್ದಿದ್ದೀನಿ ಅಂತ ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳುತ್ತೆ. ಆ ಲೆಕ್ಕ 32 ಬಿಟ್ಟಿನದು, ಹಾಗಾಗಿ 497 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರು. ಸುಮಾರು ಒಂದೂಕಾಲು ವರ್ಷ ಎಡಬಿಡದೆ ದುಡಿದ ರೂಟರ್ "ಈಗಷ್ಟೇ ಎದ್ದೆ" ಅಂದಾಗ ಹೊಸ ಎಂಜಿನಿಯರು ಗಾಬರಿಯಾಗೋದನ್ನ ನಾನು ಮೂರು ಸಲ ನೋಡಿದ್ದೀನಿ. ಈ ವಿಳಾಸಗಳ ಪಟ್ಟಿಗೆ ಎಂಐಬಿ ಅಂತ ಹೆಸರು. ಕಂಪನಿಗಳಿಗೆ ತಮ್ಮದೇ ಕೊಂಬೆ ಬೇಕಾದರೆ 1.3.6.1.4.1ರ ಕೆಳಗೆ ಒಂದು ನಂಬರ್ ಸಿಗುತ್ತೆ. ಸಿಸ್ಕೊ 9, ಎಚ್‌ಪಿ 11.

ಮಾಡಬಹುದಾದ ಕೆಲಸಗಳೂ ನಾಲ್ಕೇ. ಇದರ ಬೆಲೆ ಹೇಳು ಅನ್ನೋ ಗೆಟ್, ಪಟ್ಟಿಯಲ್ಲಿ ಇದರ ಮುಂದಿನದು ಹೇಳು ಅನ್ನೋ ಗೆಟ್‌ನೆಕ್ಸ್ಟ್, ಡಿವೈಸ್ ತಾನಾಗೇ ಕೂಗಿ ಹೇಳೋ ಟ್ರ್ಯಾಪ್, ಇದರ ಬೆಲೆ ಬದಲಿಸು ಅನ್ನೋ ಸೆಟ್. ಅಂದರೆ ನೋಡೋದಕ್ಕೂ ಬದಲಿಸೋದಕ್ಕೂ ಒಂದೇ ಸಾಧನ ಅಂತಲೇ ಅವರು ಹೊರಟದ್ದು. ಕಮಾಂಡ್ ಅನ್ನೋದೇ ಇಟ್ಟಿಲ್ಲ. ರೂಟರನ್ನು ರೀಬೂಟ್ ಮಾಡಬೇಕಾ? "ಇನ್ನೆಷ್ಟು ಸೆಕೆಂಡಿಗೆ ರೀಬೂಟ್" ಅನ್ನೋ ಒಂದು ಅಂಕಿ ಇಟ್ಟು, ಅದನ್ನ ಸೆಟ್ ಮಾಡಿದರೆ ಆಯ್ತು. ಇದು ಆರ್‌ಎಫ್‌ಸಿ 1157ರಲ್ಲೇ ಕೊಟ್ಟಿರುವ ಉದಾಹರಣೆ. ಮೊದಲ ಸಲ ಓದಿದಾಗ ಏನು ಜಾಣತನ ಅನ್ನಿಸಿತ್ತು. ಈಗ ಓದಿದರೆ ಮುಂದಿನ ಎಲ್ಲ ತೊಂದರೆಯ ಬೀಜ ಅಲ್ಲೇ ಕಾಣುತ್ತೆ.

ಸೆಟ್ ಕೆಲಸ ಮಾಡಿದ ಅತ್ಯಂತ ಹೆಸರಾದ ಉದಾಹರಣೆ ಯಾವುದು ಗೊತ್ತಾ? ಬ್ರೆಡ್ ಸುಡುವ ಟೋಸ್ಟರ್! 1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರಾಮ್ಕಿ ಮತ್ತು ಸೈಮನ್ ಹ್ಯಾಕೆಟ್ ಒಂದು ಸನ್‌ಬೀಮ್ ಟೋಸ್ಟರನ್ನು ಇಂಟರ್ನೆಟ್ಟಿಗೆ ಜೋಡಿಸಿ ಎಸ್‌ಎನ್‌ಎಂಪಿಯಿಂದ ಹೊತ್ತಿಸಿ ತೋರಿಸಿದರು. ಟೋಸ್ಟರಿಗೂ ಒಂದು ಎಂಐಬಿ. ಎಷ್ಟು ಹೊತ್ತು ಕರೆಂಟು ಅನ್ನೋದರ ಮೇಲೆ ಎಷ್ಟು ಕಂದು ಬಣ್ಣ ಅನ್ನೋದು. ಬ್ರೆಡ್ ಮಾತ್ರ ಮನುಷ್ಯರೇ ಇಡಬೇಕಿತ್ತು, ಮರುವರ್ಷ ಅದಕ್ಕೂ ಒಂದು ಪುಟ್ಟ ಕ್ರೇನ್ ಬಂತು. ಜನ ಇದನ್ನ ತಮಾಷೆಗೆ ಹೇಳ್ತಾರೆ. ನನಗೆ ಅನ್ನಿಸೋದು ಬೇರೆ: ಒಂದೇ ಗುಂಡಿ ಇರೋ ಯಂತ್ರಕ್ಕೆ ಸೆಟ್ ಸಾಕು. ರೂಟರಿನಲ್ಲಿ ಒಂದೇ ಗುಂಡಿ ಇರೋದಿಲ್ಲ.

ಗೆಟ್ ಮಾತ್ರ ಊಹೆ ಮೀರಿ ಗೆದ್ದಿತು. ಅದಕ್ಕೆ ದೊಡ್ಡ ಕಾರಣ ಸ್ವಿಟ್ಜರ್ಲೆಂಡಿನ ಟೋಬಿ ಓಟಿಕರ್. 1994ರಲ್ಲಿ ಅವರು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಇದ್ದರು. ಹೊರಜಗತ್ತಿಗೆ ಇದ್ದದ್ದು ಒಂದೇ 64 ಕಿಲೋಬಿಟ್ ಲೈನು. ಅದು ಹೇಗೆ ನಡೀತಿದೆ ಅನ್ನೋ ಕುತೂಹಲ ಎಲ್ಲರಿಗೂ. ಐದು ನಿಮಿಷಕ್ಕೊಮ್ಮೆ ರೂಟರಿನ ಲೆಕ್ಕವನ್ನು ಎಸ್‌ಎನ್‌ಎಂಪಿಯಿಂದ ಓದಿ, ವೆಬ್ ಪುಟದಲ್ಲಿ ಗ್ರಾಫ್ ಬಿಡಿಸುವ ಪರ್ಲ್ ಸ್ಕ್ರಿಪ್ಟ್ ಬರೆದರು. 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಎಂಆರ್‌ಟಿಜಿ. ಆ ಹಸಿರು ಗುಡ್ಡ, ಅದರ ಮೇಲೆ ನೀಲಿ ಗೆರೆ, ನೋಡದ ನೆಟ್‌ವರ್ಕ್ ಎಂಜಿನಿಯರ್ ನನ್ನ ವಯಸ್ಸಿನವರಲ್ಲಿ ಸಿಗೋದು ಕಷ್ಟ.

ಇಲ್ಲೂ ಒಂದು ಗುಂಡಿ ಇತ್ತು, ಬೀಳೋ ಗುಂಡಿ. ಎಷ್ಟು ಬೈಟ್ ಬಂತು ಅನ್ನೋ ಲೆಕ್ಕವೂ 32 ಬಿಟ್. ಸುಮಾರು 429 ಕೋಟಿ ಬೈಟ್ ಆದಮೇಲೆ ಸೊನ್ನೆ. 10 ಮೆಗಾಬಿಟ್ ಲೈನು ತುಂಬಿ ಹರಿದರೂ ಅದಕ್ಕೆ 57 ನಿಮಿಷ ಬೇಕು, ತೊಂದರೆಯಿಲ್ಲ. 100 ಮೆಗಾಬಿಟ್ಟಿಗೆ ಐದೂಮುಕ್ಕಾಲು ನಿಮಿಷ. ಗಿಗಾಬಿಟ್ ಬಂದಮೇಲೆ 34 ಸೆಕೆಂಡು! ನೀವು ಐದು ನಿಮಿಷಕ್ಕೊಮ್ಮೆ ಓದುವಷ್ಟರಲ್ಲಿ ಅದು ಎಂಟು ಸುತ್ತು ಹೊಡೆದಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಲೈನು ಉಸಿರುಗಟ್ಟಿ ಸಾಯ್ತಿರುತ್ತೆ, ಗ್ರಾಫ್ "ಆರಾಮ ಇದ್ದೀನಿ" ಅನ್ನುತ್ತೆ. ಅದಕ್ಕೇ 64 ಬಿಟ್ಟಿನ ಲೆಕ್ಕಗಳು ಬಂದದ್ದು. ಸೆಕೆಂಡಿಗೆ ಒಂದು ಟೆರಾಬಿಟ್ ಓಡಿದರೂ ಅವು ತುಂಬೋಕೆ ಹತ್ತಿರ ಹತ್ತಿರ ಐದು ವರ್ಷ.

ಆದರೆ ನೋಡಿ, ಗೆಟ್ ತಪ್ಪಿದರೆ ಆಗೋ ಕೇಡು ಒಂದು ಸುಳ್ಳು ಗ್ರಾಫ್. ಸೆಟ್ ತಪ್ಪಿದರೆ ಕಾಲ್ ಸೆಂಟರ್ ಹೋಗುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಎಡವಟ್ಟು ಅಂತ ನನ್ನ ಅಭಿಪ್ರಾಯ.

ಮೊದಲ ಅಡ್ಡಿ ಬೀಗದ್ದು. ಹಳೇ ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ಕಮ್ಯುನಿಟಿ ಸ್ಟ್ರಿಂಗ್ ಅಂತ ಒಂದು ಪದ. ಅದು ತಂತಿಯ ಮೇಲೆ ಎಲ್ಲರಿಗೂ ಕಾಣುವ ಹಾಗೇ ಹೋಗುತ್ತೆ. ಓದೋದಕ್ಕೆ "ಪಬ್ಲಿಕ್", ಬರೆಯೋದಕ್ಕೆ "ಪ್ರೈವೇಟ್" ಅಂತ ಎಷ್ಟೋ ಡಿವೈಸ್‌ಗಳು ಕಾರ್ಖಾನೆಯಿಂದಲೇ ಬರ್ತಿದ್ದವು. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗಿಬಿಟ್ಟ ಹಾಗೆ. ಇದನ್ನ ಸರಿ ಮಾಡೋಕೆ 1993ರಲ್ಲಿ ಎರಡನೇ ಆವೃತ್ತಿ ಬಂತು. ಅದರ ಭದ್ರತೆ ಎಷ್ಟು ಜಟಿಲ ಅಂದ್ರೆ ಯಾರೂ ಒಪ್ಪಲಿಲ್ಲ. ಮೊದಲು ಒಟ್ಟಿಗೆ ಬರೆದವರಲ್ಲೇ ಒಡಕು ಬಂತು. 1996ರಲ್ಲಿ ಭದ್ರತೆಯನ್ನೇ ಕಿತ್ತುಹಾಕಿ ಹಳೇ ಕಮ್ಯುನಿಟಿ ಸ್ಟ್ರಿಂಗ್ ವಾಪಸ್ ಇಟ್ಟು ಬಿಟ್ಟರು. ಸರಿಯಾದ ಬೀಗ ಇರೋ ಮೂರನೇ ಆವೃತ್ತಿ ಪೂರ್ಣ ಮಾನಕ ಆದದ್ದು 2002ರ ಡಿಸೆಂಬರಿನಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರ ಪರೀಕ್ಷೆಯಿಂದ ಹತ್ತಾರು ತಯಾರಕರ ಎಸ್‌ಎನ್‌ಎಂಪಿ ಕೋಡಿನಲ್ಲಿ ತೂತುಗಳು ಹೊರಬಿದ್ದವು, ಅಮೆರಿಕದ ಸರ್ಟ್ ಎಚ್ಚರಿಕೆ ಕೊಟ್ಟಿತು. ಇಷ್ಟಾದ ಮೇಲೆ ಯಾವ ಜವಾಬ್ದಾರಿ ಇರೋ ಮನುಷ್ಯ ಸೆಟ್ ತೆರೆದಿಡ್ತಾನೆ? ಎಲ್ಲರೂ ಓದೋದಕ್ಕಷ್ಟೇ ಅನುಮತಿ ಕೊಟ್ಟು ಬಾಗಿಲು ಹಾಕಿದರು.

ಬೀಗ ಸರಿಯಿದ್ದಿದ್ದರೂ ಸೆಟ್ ಉಳೀತಿರಲಿಲ್ಲ ಅಂತ ನನಗನ್ನಿಸುತ್ತೆ. ನಾವು ರೂಟರಿಗೆ ಬದಲಾವಣೆ ಮಾಡುವಾಗ ಅಂಕಿಗಳ ಭಾಷೆಯಲ್ಲಿ ಯೋಚಿಸೋದಿಲ್ಲ. "ಈ ಶಾಖೆಗೆ ಹೊಸ ದಾರಿ ಕೊಡು" ಅಂತ ಯೋಚಿಸ್ತೀವಿ. ಅದು ನಲವತ್ತು ಅಂಕಿಗಳ ಬದಲಾವಣೆ, ಇಂಥದೇ ಕ್ರಮದಲ್ಲಿ, ಎಷ್ಟೋ ಸಲ ಎರಡು ಮೂರು ಡಿವೈಸ್‌ಗಳಲ್ಲಿ ಒಟ್ಟಿಗೆ. ಇಪ್ಪತ್ತನೆಯದರಲ್ಲಿ ಲಿಂಕ್ ಕಡಿದರೆ? ಅರ್ಧ ಹಳೇದು, ಅರ್ಧ ಹೊಸದು. ಬ್ಯಾಂಕಿನಲ್ಲಿ ದುಡ್ಡು ನಿಮ್ಮ ಖಾತೆಯಿಂದ ಕಡಿತ ಆಗಿ ನನ್ನ ಖಾತೆಗೆ ಬರದೆ ಇದ್ದ ಹಾಗೆ. ಬ್ಯಾಂಕಿನವರು ಅದಕ್ಕೆ ಟ್ರಾನ್ಸಾಕ್ಷನ್ ಅನ್ನೋ ಕಲ್ಪನೆ ಎಂದೋ ತಂದಿದ್ದರು: ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಒಂದು ಸೆಟ್ ಸಂದೇಶದೊಳಗೆ ಆ ನಿಯಮ ಇತ್ತು ನಿಜ, ಆದರೆ ಒಂದು ಸಂದೇಶದಲ್ಲಿ ಇಡೀ ಬದಲಾವಣೆ ಹಿಡಿಸೋದಿಲ್ಲ, ಎರಡು ಡಿವೈಸಿಗಂತೂ ಇಲ್ಲವೇ ಇಲ್ಲ. ಜೊತೆಗೆ ತಯಾರಕರು ಹೊಸ ಸೌಲಭ್ಯವನ್ನ ಮೊದಲು ಕಮಾಂಡ್ ಲೈನಿಗೆ ಹಾಕೋರು, ಎಂಐಬಿಗೆ ಎಂದೋ ಒಂದು ದಿನ.

ಹಾಗಾಗಿ ಜನ ಏನು ಮಾಡಿದರು? ಕಮಾಂಡ್ ಲೈನಿಗೆ ಲಾಗಿನ್ ಆಗಿ ಮನುಷ್ಯರ ಹಾಗೇ ಟೈಪ್ ಮಾಡುವ ಸ್ಕ್ರಿಪ್ಟ್‌ಗಳನ್ನು ಬರೆದರು. ತಯಾರಕ ಮುಂದಿನ ಆವೃತ್ತಿಯಲ್ಲಿ ಒಂದು ಖಾಲಿ ಜಾಗ ಹೆಚ್ಚು ಹಾಕಿದರೆ ಸ್ಕ್ರಿಪ್ಟ್ ಸತ್ತಿತು. ನನ್ನ 340ರ ಕಥೆ ಆದದ್ದು ಇದೇ ಲೋಕದಲ್ಲಿ.

2002ರ ಜೂನ್‌ನಲ್ಲಿ ವರ್ಜೀನಿಯಾದ ರೆಸ್ಟನ್‌ನಲ್ಲಿ ಮೂರು ದಿನದ ಒಂದು ಸಭೆ ನಡೆಯಿತು. ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ಕರೆದದ್ದು. ಒಂದು ಕಡೆ ಪ್ರೋಟೊಕಾಲ್ ಬರೆಯೋರು, ಇನ್ನೊಂದು ಕಡೆ ದಿನಾ ನೆಟ್‌ವರ್ಕ್ ನಡೆಸೋರು. ವರದಿ ಮರುವರ್ಷ ಆರ್‌ಎಫ್‌ಸಿ 3535 ಆಗಿ ಬಂತು. ಈ ವಿಡಿಯೋ ಮಾಡೋಕೆ ಹೊರಟದ್ದೇ ಅದನ್ನ ಓದಿ. ನಡೆಸೋರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: ಎಸ್‌ಎನ್‌ಎಂಪಿ ನೋಡೋದಕ್ಕೆ ಸರಿ, ಕಾನ್ಫಿಗರ್ ಮಾಡೋದಕ್ಕೆ ನಾವು ಅದನ್ನ ಬಳಸ್ತಿಲ್ಲ. ನಮಗೆ ಬೇಕಾದದ್ದು ಸುಲಭವಾಗಿ ಬಳಸೋಕೆ ಬರೋದು. ನಾವು ಬರೆದ ಕಾನ್ಫಿಗರೇಶನ್ ಬೇರೆ, ಡಿವೈಸ್ ತಾನಾಗಿ ಲೆಕ್ಕ ಹಾಕಿದ್ದು ಬೇರೆ ಅಂತ ವಿಂಗಡಿಸಿ ತೋರಿಸೋದು. ಇಡೀ ಕಾನ್ಫಿಗರೇಶನ್ ಇಳಿಸಿಕೊಂಡು, ಹಳೆಯದರ ಜೊತೆ ಹೋಲಿಸಿ, ಬೇಕಾದರೆ ವಾಪಸ್ ಹಾಕೋಕೆ ಆಗೋದು. ಒಂದೊಂದು ಡಿವೈಸ್ ಅಲ್ಲ, ಇಡೀ ನೆಟ್‌ವರ್ಕಿನ ಮಟ್ಟದಲ್ಲಿ, ಟ್ರಾನ್ಸಾಕ್ಷನ್ ಆಗಿ ಬದಲಿಸೋದು. ಹದಿನಾಲ್ಕು ವರ್ಷ ಆದಮೇಲೆ ಮಾಡಿದವರು ಬಳಸೋರನ್ನ ಕೂರಿಸಿ ಕೇಳಿದರು!

ಆ ಸಭೆಯಿಂದ ಹುಟ್ಟಿದ್ದು ನೆಟ್‌ಕಾನ್ಫ್, 2006ರ ಡಿಸೆಂಬರ್. 2010ರಲ್ಲಿ ಅದರ ಜೊತೆಗಾರ, ಡೇಟಾ ವಿವರಿಸುವ ಭಾಷೆ ಯಾಂಗ್. ಇದರಲ್ಲಿ ಕ್ಯಾಂಡಿಡೇಟ್ ಅಂತ ಒಂದು ಕರಡು ಪ್ರತಿ. ನೀವು ಬದಲಾವಣೆಗಳನ್ನೆಲ್ಲ ಅಲ್ಲಿ ಬರೀತೀರಿ, ಡಿವೈಸ್ ತಪ್ಪಿದೆಯಾ ನೋಡುತ್ತೆ, ಕಮಿಟ್ ಅಂದಮೇಲೆ ಒಮ್ಮೆಗೇ ಜಾರಿ. ಅದಕ್ಕಿಂತ ನನಗೆ ಪ್ರಿಯವಾದದ್ದು ಕನ್‌ಫರ್ಮ್ಡ್ ಕಮಿಟ್. ಜೂನಿಪರ್ ರೂಟರ್‌ಗಳಲ್ಲಿ ಮೊದಲೇ ಇದ್ದದ್ದು, ನೆಟ್‌ಕಾನ್ಫ್‌ಗೂ ಬಂತು. ಬದಲಾವಣೆ ಜಾರಿ ಮಾಡು, ಆದರೆ 600 ಸೆಕೆಂಡಿನೊಳಗೆ ನಾನು ಮತ್ತೆ ಬಂದು ಹೂಂ ಅನ್ನದಿದ್ದರೆ ಹಳೆಯದಕ್ಕೆ ನೀನೇ ವಾಪಸ್ ಹೋಗು. ಹತ್ತಿದ ಕೊಂಬೆ ಕಡಿದರೂ ಹತ್ತು ನಿಮಿಷಕ್ಕೆ ಕೊಂಬೆ ತಾನೇ ಕೂಡಿಕೊಳ್ಳುತ್ತೆ. ಆ ರಾತ್ರಿ ನಮ್ಮ ಸ್ವಿಚ್ಚಿನಲ್ಲಿ ಇದಿದ್ದಿದ್ದರೆ ಐವತ್ತರ ಬದಲು ಹತ್ತು ನಿಮಿಷ. ಅದಿಲ್ಲದ ಡಿವೈಸಿನಲ್ಲಿ ಹಳಬರು ಬೇರೆ ಉಪಾಯ ಮಾಡ್ತಾರೆ: ಮುಟ್ಟೋ ಮೊದಲು "ಹತ್ತು ನಿಮಿಷಕ್ಕೆ ರೀಲೋಡ್" ಅಂತ ಹಾಕಿಟ್ಟು, ಎಲ್ಲ ಸರಿಯಾದರೆ ಅದನ್ನ ರದ್ದು ಮಾಡಿ ಸೇವ್ ಮಾಡೋದು. ನಾಂದೇಡದ ಸೀನಿಯರ್ ಮರುದಿನ ಚಹಾ ಕುಡಿಯುತ್ತಾ ಕಲಿಸಿದ್ದು ಇದನ್ನೇ.

ಚೆನ್ನೈನಲ್ಲಿ ಇರೋರಿಗೆ ಒಂದು ಮಾತು. ಇವತ್ತು ಜೊಹೊ ಅಂತ ನೀವು ನೋಡೋ ಕಂಪನಿ 1996ರಲ್ಲಿ ಶುರುವಾಗಿ ಬಹಳ ವರ್ಷ ಅಡ್ವೆಂಟ್‌ನೆಟ್ ಅನ್ನೋ ಹೆಸರಲ್ಲಿತ್ತು. ಆರಂಭದಲ್ಲಿ ಅವರು ಮಾರ್ತಿದ್ದದ್ದು ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರೇ, ಎಸ್‌ಎನ್‌ಎಂಪಿಯ ಟೂಲ್‌ಗಳು. "ಸದ್ಯಕ್ಕೆ" ಅಂತ ಅಮೆರಿಕದಲ್ಲಿ ಬರೆದ ಪ್ರೋಟೊಕಾಲ್ ನಮ್ಮ ಪಕ್ಕದ ರಾಜ್ಯದಲ್ಲಿ ಎಷ್ಟು ಜನಕ್ಕೆ ಅನ್ನ ಹಾಕಿತು ನೋಡಿ. ನನಗೂ ಸೇರಿ.

2014ರಲ್ಲಿ ಐಇಟಿಎಫ್‌ನ ಮೇಲ್ವಿಚಾರಕ ಗುಂಪು, ಐಇಎಸ್‌ಜಿ, ಒಂದು ಹೇಳಿಕೆ ಕೊಟ್ಟಿತು: ಕಾನ್ಫಿಗರ್ ಮಾಡೋದಕ್ಕೆ ಇನ್ನುಮುಂದೆ ಬರೆಯಬಲ್ಲ ಎಂಐಬಿ ಬೇಡ, ನೆಟ್‌ಕಾನ್ಫ್ ಮತ್ತು ಯಾಂಗ್ ಬಳಸಿ. ಸೆಟ್‌ಗೆ ಅಧಿಕೃತ ವಿದಾಯ. ಗೆಟ್‌ಗೆ ಇನ್ನೂ ಯಾರೂ ವಿದಾಯ ಹೇಳಿಲ್ಲ. ಡಿವೈಸ್‌ಗಳು ತಾವಾಗೇ ಸೆಕೆಂಡಿಗೊಮ್ಮೆ ಲೆಕ್ಕ ಕಳಿಸೋ ಟೆಲಿಮೆಟ್ರಿ ಬಂದಿದೆ, ದೊಡ್ಡ ಡೇಟಾ ಸೆಂಟರ್‌ಗಳು ಅದಕ್ಕೆ ಹೋಗಿವೆ. ನಮ್ಮ ಬಹುಪಾಲು ಗ್ರಾಹಕರು ಈಗಲೂ ಎರಡನೇ ಆವೃತ್ತಿಯ ಎಸ್‌ಎನ್‌ಎಂಪಿಯಲ್ಲೇ ಇದ್ದಾರೆ. ಕಮ್ಯುನಿಟಿ ಸ್ಟ್ರಿಂಗ್ ಏನು ಅಂತ ಕೇಳಿದರೆ ಸ್ವಲ್ಪ ನಾಚಿಕೊಂಡು "ಪಬ್ಲಿಕ್" ಅಂತಾರೆ.

ನೆಟ್‌ಕಾನ್ಫ್ ಬಂದಮೇಲೆ ಎಲ್ಲ ಸರಿಹೋಯ್ತಾ ಅಂತ ವಿಡಿಯೋ ಆದಮೇಲೆ ಹೈದರಾಬಾದಿನ ಒಬ್ಬರು ಕೇಳಿದರು. ಫೇಸ್‌ಬುಕ್ಕಿನ ಆ ರಾತ್ರಿಯನ್ನೇ ನೋಡಿ. ಅವರ ಹತ್ತಿರ ಇಲ್ಲದ ಟೂಲ್ ಇರಲಿಲ್ಲ. ಆದರೆ ಮಾಮೂಲಿ ದಾರಿ, ಆಪತ್ತಿಗೆ ಅಂತ ಇಟ್ಟ ಪ್ರತ್ಯೇಕ ದಾರಿ ಎರಡೂ ಒಟ್ಟಿಗೆ ಮುಚ್ಚಿದವು, ಡಿಎನ್‌ಎಸ್ ಹೋದದ್ದರಿಂದ ಒಳಗಿನ ಟೂಲ್‌ಗಳೂ ನಿಂತವು. ಕೊನೆಗೆ ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯ್ತು. ಒಳಗೆ ಹೋಗೋದಕ್ಕೇ ಹೊತ್ತು ಹಿಡಿಯಿತು, ಭದ್ರತೆ ಅಷ್ಟು ಬಿಗಿ.

ನಮ್ಮ ಸೆಕ್ಯುರಿಟಿಯವರು ಊಟ ಮುಗಿಸಿ ಕೀಲಿ ತಂದುಕೊಟ್ಟ ಮೇಲೆ ಸರಿ ಮಾಡೋಕೆ ನನಗೆ ಬೇಕಾದದ್ದು ನಲವತ್ತು ಸೆಕೆಂಡು. ಈಗ ನಾನು ಬರೆಯೋ ಸಾಫ್ಟ್‌ವೇರಿನಲ್ಲಿ ಟ್ರಂಕ್ ಬದಲಿಸೋ ಪರದೆ ಒಂದಿದೆ. ಎಂಟರ್ ಒತ್ತಿದ ಕೂಡಲೇ ಅದು ಏನೂ ಮಾಡಲ್ಲ. "ಈ ಬದಲಾವಣೆಯಿಂದ ಇಷ್ಟು ವಿಎಲ್ಯಾನ್ ಹೋಗುತ್ತವೆ" ಅಂತ ಒಂದೊಂದನ್ನೂ ಕೆಂಪಕ್ಷರದಲ್ಲಿ ತೋರಿಸಿ ಕೇಳುತ್ತೆ. ಇದು ಕಿರಿಕಿರಿ, ತೆಗೀರಿ ಅಂತ ವರ್ಷಕ್ಕೊಮ್ಮೆ ಯಾರಾದರೂ ಬರೀತಾರೆ. ತೆಗೆದಿಲ್ಲ.

ಮುಂದಿನ ಭಾನುವಾರ ಬಿಜಿಪಿ. 2008ರಲ್ಲಿ ಪಾಕಿಸ್ತಾನದ ಒಂದು ಕಂಪನಿ ಯೂಟ್ಯೂಬನ್ನು ತನ್ನ ದೇಶದಲ್ಲಿ ಮುಚ್ಚೋಕೆ ಹೋಗಿ ಇಡೀ ಜಗತ್ತಿಗೇ ಮುಚ್ಚಿದ ಕಥೆ.